ಹಲವು ಗಾಡಿಗಳ ಭಾಗ ಸೇರಿಸಿ ಹಳೇ ಟ್ರಕ್ ಕಟ್ಟುವುದು: ಏನನ್ನೂ ಮುಚ್ಚಿಡದೆ ಮಾಡುವ ಬಗೆ

ಹಳೇ ಪಿಕಪ್ ಟ್ರಕ್ ಕಟ್ಟುವವರಲ್ಲಿ ಹೆಚ್ಚಿನವರಿಗೆ ಒಂದೇ ಗಾಡಿ ಸಾಕಾಗುವುದಿಲ್ಲ. ಕ್ಯಾಬ್‌ನ, ಅಂದರೆ ಚಾಲಕ ಕೂರುವ ಭಾಗದ, ನೆಲ ತುಕ್ಕು ತಿಂದು ಹೋಗಿರುತ್ತದೆ, ಇನ್ನೊಂದು ಗಾಡಿಯ ಕ್ಯಾಬ್ ಬರುತ್ತದೆ. ಎಂಜಿನ್ ಬ್ಲಾಕ್ ಬಿರುಕು ಬಿಟ್ಟಿರುತ್ತದೆ, ಮೂರನೇ ಗಾಡಿಯ ಎಂಜಿನ್ ಬರುತ್ತದೆ. ಬಾಗಿಲು ಒಂದು ಕಡೆಯದು, ಸಾಮಾನು ಹೇರುವ ಹಿಂದಿನ ಬೆಡ್ ಇನ್ನೊಂದು ಕಡೆಯದು. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಈ ಗಾಡಿಗಳು ದುಡಿಯುತ್ತಿದ್ದ ಕಾಲದಲ್ಲೂ ಕೆಟ್ಟಿದ್ದನ್ನು ಕಿತ್ತು, ಸಿಕ್ಕಿದ್ದನ್ನು ಹಾಕಿಯೇ ಓಡಿಸುತ್ತಿದ್ದರು.

ತೊಂದರೆ ಶುರುವಾಗುವುದು ಯಾವ ಭಾಗ ಎಲ್ಲಿಂದ ಬಂತು ಅನ್ನುವುದು ಮರೆತುಹೋದಾಗ, ಅಥವಾ ಬೇಕಂತಲೇ ಮರೆಸಿದಾಗ. ಐದು ಗಾಡಿಗಳಿಂದ ಆದ ಟ್ರಕ್ಕಿಗೆ ಹೊಸ ಬಣ್ಣ ಬಳಿದು ‘ಪೂರ್ತಿ ಒರಿಜಿನಲ್’ ಅಂತ ಮಾರಿಬಿಡುತ್ತಾರೆ. ಕೊಂಡವರು ಅದನ್ನೇ ನಂಬಿ ಮುಂದಿನವರಿಗೆ ಹೇಳುತ್ತಾರೆ. ಆಮೇಲೆ ನಿಜವಾಗಿ ಒರಿಜಿನಲ್ ಆಗಿ ಉಳಿದ ಗಾಡಿಯನ್ನೂ ಯಾರೂ ನಂಬುವುದಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಭಾಗ ಬೆರೆಸುವುದು ತಪ್ಪಲ್ಲ, ಬೆರೆಸಿದ್ದನ್ನು ಹೇಳದಿರುವುದು ತಪ್ಪು. ಕೆಲಸದ ಮೊದಲ ದಿನದಿಂದ ಗಾಡಿ ಕೈ ಬದಲಾಗುವ ದಿನದವರೆಗೆ ಇದನ್ನು ಹೇಗೆ ನಡೆಸಿಕೊಂಡು ಹೋಗಬೇಕು ಅಂತ ಕೆಳಗೆ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಅಮೆರಿಕದ ಶೆವ್ರೊಲೆ ಮತ್ತು ಫೋರ್ಡ್ ಪಿಕಪ್‌ಗಳವು. ಲೆಕ್ಕಾಚಾರ ಯಾವ ಗಾಡಿಗಾದರೂ ಒಂದೇ.

1. ಬೋಲ್ಟ್ ಸಡಿಲಿಸುವ ಮೊದಲು: ಏನು ಕಟ್ಟುತ್ತಿದ್ದೀರಿ?

ಇದನ್ನು ಒಂದೇ ವಾಕ್ಯದಲ್ಲಿ ಬರೆದಿಡಿ. ಸುಮ್ನೆ ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಲದು, ಯಾಕೆಂದರೆ ಒಳ್ಳೆಯ ಭಾಗ ಕಡಿಮೆ ಬೆಲೆಗೆ ಸಿಕ್ಕಿದ ದಿನ ಮನಸ್ಸು ಬದಲಾಗುತ್ತದೆ.

ಫ್ಯಾಕ್ಟರಿಯಿಂದ ಬಂದ ಹಾಗೇ ಉಳಿದ ಗಾಡಿ ಅನ್ನುವುದು ಒಂದು ಬಗೆ. ಬೇರೆ ಗಾಡಿಯ ದೊಡ್ಡ ಭಾಗ ಸೇರಿದ ಮೇಲೆ ನಿಮ್ಮದು ಆ ಬಗೆಯದ್ದಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡಿ. ಎರಡನೆಯದು, ಭಾಗಗಳು ಬೇರೆ ಬೇರೆ ಗಾಡಿಯವಾದರೂ ಎಲ್ಲವೂ ಅದೇ ವರ್ಷದ, ಅದೇ ಮಾಡೆಲಿನವು. ಇದನ್ನು ‘ವರ್ಷಕ್ಕೆ ಸರಿಯಾದ’ ಗಾಡಿ ಅನ್ನಬಹುದು. ನನಗೆ ತುಂಬಾ ಗೌರವ ಇರುವುದು ಇದರ ಮೇಲೆ, ಏಕೆಂದರೆ ಇದಕ್ಕೆ ಬೇಕಾದ ತಾಳ್ಮೆ ಮತ್ತು ಓದು ಬೇರೆ ಯಾವುದಕ್ಕೂ ಬೇಡ. ಮೂರನೆಯದು ಆ ಕಾಲದವರೇ ಮಾಡಿಕೊಳ್ಳುತ್ತಿದ್ದಂಥ ಬದಲಾವಣೆ ಇರುವ ಗಾಡಿ. ನಾಲ್ಕನೆಯದು ಹಳೇ ಮೈ, ಹೊಸ ಎಂಜಿನ್, ಹೊಸ ಬ್ರೇಕ್. ನಾಲ್ಕೂ ಚೆನ್ನಾಗಿಯೇ ಇರಬಹುದು. ಆದರೆ ನಾಲ್ಕನೆಯದನ್ನು ಕಟ್ಟಿ ಮೊದಲನೆಯದರ ಹೆಸರಲ್ಲಿ ಕರೆಯುವ ಹಾಗಿಲ್ಲ.

2. ಗಾಡಿ ಯಾವುದು? ಚಾಸಿಸ್‌ನಿಂದ ಶುರು ಮಾಡಿ

ಐದು ಗಾಡಿಗಳ ಭಾಗ ಗ್ಯಾರೇಜಿನಲ್ಲಿ ಬಿದ್ದಿವೆ ಅಂತಿಟ್ಟುಕೊಳ್ಳಿ. ಕೊನೆಗೆ ಎದ್ದು ನಿಲ್ಲುವ ಗಾಡಿ ಇವುಗಳಲ್ಲಿ ಯಾವುದು? ಹೆಚ್ಚಿನ ಕಡೆ ಕಾನೂನೂ, ಗಾಡಿ ಬಲ್ಲವರೂ ಮೊದಲು ನೋಡುವುದು ಚಾಸಿಸ್ ಫ್ರೇಮನ್ನು, ಅಂದರೆ ಮೈ, ಎಂಜಿನ್ ಎಲ್ಲವನ್ನೂ ಹೊರುವ ಅಡಿಯ ಚೌಕಟ್ಟನ್ನು. ಬ್ರಿಟನ್ನಿನ ವಾಹನ ಇಲಾಖೆ, ತುಂಬಾ ಬದಲಾಯಿಸಿದ ಗಾಡಿ ಹಳೇ ನೋಂದಣಿ ಉಳಿಸಿಕೊಳ್ಳಬಹುದೇ ಅಂತ ನೋಡಲು ಬಹುಕಾಲ ಒಂದು ಅಂಕದ ಪಟ್ಟಿ ಬಳಸಿದೆ. ಮೂಲ ಚಾಸಿಸ್ಸಿಗೆ 5 ಅಂಕ. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್ ಇವಕ್ಕೆ ತಲಾ 2. ಎಂಜಿನ್ನಿಗೆ ಬರೀ 1. ಬೇಕಾದದ್ದು ಕನಿಷ್ಠ 8 ಅಂಕ. ನೀವು ಎಲ್ಲೇ ಇರಿ, ನಿಮ್ಮ ಗಾಡಿಗೆ ಈ ಲೆಕ್ಕ ಒಮ್ಮೆ ಹಾಕಿ ನೋಡಿ. ‘ಎಂಜಿನ್ ಒರಿಜಿನಲ್, ಹಾಗಾಗಿ ಗಾಡಿಯೂ ಒರಿಜಿನಲ್’ ಅನ್ನುವ ವಾದ ಎಷ್ಟು ಹಗುರ ಅಂತ ಗೊತ್ತಾಗುತ್ತದೆ.

ಈಗ ನಂಬರಿನ ವಿಷಯ. 17 ಅಕ್ಷರಗಳ ಗುರುತಿನ ನಂಬರ್, ಅಂದರೆ ಈಗಿನ ವಿನ್ ನಂಬರ್, ಅಮೆರಿಕದಲ್ಲಿ ಕಡ್ಡಾಯವಾಗಿದ್ದು 1981ರ ಮಾಡೆಲುಗಳಿಂದ. ಅದಕ್ಕೆ ಮೊದಲು ಒಂದೊಂದು ಕಂಪನಿಯದು ಒಂದೊಂದು ಪದ್ಧತಿ. ಉದಾಹರಣೆಗೆ ಶೆವ್ರೊಲೆ ಪಿಕಪ್ಪಿನ ನಂಬರ್ ‘ಸಿಇ149’ ಅಂತ ಶುರುವಾದರೆ, ಸಿ ಅಂದರೆ ಎರಡು ಚಕ್ರಕ್ಕೆ ಮಾತ್ರ ಎಳೆತ ಇರುವ ಚಾಸಿಸ್, ಇ ಅಂದರೆ ವಿ8 (ಎಂಟು ಸಿಲಿಂಡರಿನ) ಎಂಜಿನ್, 1 ಅಂದರೆ ಅರ್ಧ ಟನ್ನಿನ ಗಾಡಿ, 4 ಅಂದರೆ ಪಿಕಪ್, 9 ಅಂದರೆ 1969. ಇ ಬದಲು ಎಸ್ ಇದ್ದರೆ ಅದು ಆರು ಸಿಲಿಂಡರಿನ ಗಾಡಿಯಾಗಿ ಹುಟ್ಟಿದ್ದು. ಇವತ್ತು ಅದರಲ್ಲಿ ಎಷ್ಟೇ ಚೆಂದದ ವಿ8 ಕೂತಿದ್ದರೂ ಫ್ಯಾಕ್ಟರಿಯಲ್ಲಿ ಅದು ಇರಲಿಲ್ಲ. ಒಂದೇ ಅಕ್ಷರ ನೋಡಿ, ಎಷ್ಟು ಮಾತು ಹೇಳುತ್ತದೆ!

ಈ ಗುರುತಿನ ನಂಬರಿನ ಪ್ಲೇಟ್ ಇರುವುದು ಕ್ಯಾಬ್ ಮೇಲೆ. ಕ್ಯಾಬ್ ಬದಲಾದರೆ ಪ್ಲೇಟೂ ಅದರ ಜೊತೆಗೇ ಬಂದಿರುತ್ತದೆ. ಆದ್ದರಿಂದ ಪ್ಲೇಟ್, ಚಾಸಿಸ್ ಮೇಲೆ ಹೊಡೆದ ನಂಬರ್, ಕಾಗದಪತ್ರ ಈ ಮೂರನ್ನೂ ಹೋಲಿಸಬೇಕು. ಚಾಸಿಸ್ ನಂಬರ್ ಸಾಮಾನ್ಯವಾಗಿ ಉದ್ದದ ಕಂಬಿಯ ಮೇಲ್ಭಾಗದಲ್ಲಿ, ಮುಂದಿನ ಭಾಗದಲ್ಲಿ ಇರುತ್ತದೆ. ಕ್ಯಾಬ್ ಅಥವಾ ಫೆಂಡರ್ ಅಡಿಯಲ್ಲಿ ಅಡಗಿರುವುದೂ ಉಂಟು. ಅದರ ಮೇಲೆ ಗ್ರೈಂಡರ್ ಇಡಬೇಡಿ. ಗಟ್ಟಿ ತಂತಿಯ ಪವರ್ ಬ್ರಷ್ಷೂ ಬೇಡ. ಗ್ರೀಸನ್ನು ದ್ರಾವಕದಿಂದ ಮೆತ್ತಗೆ ಮಾಡಿ ಪ್ಲಾಸ್ಟಿಕ್ ಚಕ್ಕೆಯಿಂದ ಕೆರೆಯಿರಿ, ಬಣ್ಣವನ್ನು ರಿಮೂವರ್ ಹಚ್ಚಿ ತೆಗೆಯಿರಿ, ಆಮೇಲೆ ನೈಲಾನ್ ಬ್ರಷ್‌ನಿಂದ ಉಜ್ಜಿ. ಟಾರ್ಚನ್ನು ನೇರವಾಗಿ ಹಿಡಿಯದೆ ಕಂಬಿಗೆ ಸಮನಾಗಿ, ಪಕ್ಕದಿಂದ ಹಿಡಿಯಿರಿ. ಕಣ್ಣಿಗೆ ಕಾಣದ ಅಕ್ಷರದ ನೆರಳು ಆಗ ಮೂಡುತ್ತದೆ. ಬಿಳಿ ಸೀಮೆಸುಣ್ಣವನ್ನು ಅಡ್ಡಡ್ಡ ಉಜ್ಜಿದರೆ ತಗ್ಗುಗಳು ಕಪ್ಪಾಗಿ ಉಳಿಯುತ್ತವೆ. ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು.

ಮೂರೂ ಒಂದೇ ಆಗಿದ್ದರೆ ಒಳ್ಳೆಯದು. ಆಗಿಲ್ಲದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ನಿಮ್ಮ ಊರಿನ ನೋಂದಣಿ ಕಚೇರಿಯಲ್ಲಿ ಕೇಳಿ, ಅಲ್ಲಿನ ನಿಯಮದಂತೆ ಸರಿಮಾಡಿಸಿಕೊಳ್ಳಿ. ಅಮೆರಿಕದ ಕೆಲವು ರಾಜ್ಯಗಳು ಹಿಂದೆ ಎಂಜಿನ್ ನಂಬರಿನ ಮೇಲೆಯೇ ಗಾಡಿಯ ಕಾಗದ ಮಾಡುತ್ತಿದ್ದವು. 1950ರ ದಶಕಕ್ಕಿಂತ ಹಳೆಯ ಟ್ರಕ್ಕುಗಳಲ್ಲಿ ಈ ಗೊಂದಲ ಬರುವುದು ಇದರಿಂದಲೇ: ಎಂಜಿನ್ ಎಂದೋ ಬದಲಾಗಿದೆ, ಕಾಗದದಲ್ಲಿರುವ ನಂಬರ್ ಗಾಡಿಯಲ್ಲಿ ಎಲ್ಲೂ ಇಲ್ಲ. ಇದು ಯಾರ ಮೋಸವೂ ಅಲ್ಲ, ಆದರೆ ಬಾಯಿಮಾತಲ್ಲಿ ಬಗೆಹರಿಯುವುದೂ ಇಲ್ಲ.

ಒಂದು ಗಾಡಿಯ ಪ್ಲೇಟ್ ಕಿತ್ತು ಇನ್ನೊಂದಕ್ಕೆ ಹೊಡೆಯುವ ಕೆಲಸಕ್ಕೆ ಮಾತ್ರ ಯಾವ ಕಾರಣಕ್ಕೂ ಇಳಿಯಬೇಡಿ. ‘ಎರಡೂ ನನ್ನವೇ, ಯಾರಿಗೇನು ನಷ್ಟ’ ಅನ್ನುವವರಿದ್ದಾರೆ. ಅಮೆರಿಕದಲ್ಲಿ ಗುರುತಿನ ನಂಬರ್ ಕೀಳುವುದು, ತಿದ್ದುವುದು ಕೇಂದ್ರ ಕಾನೂನಿನ ಪ್ರಕಾರವೇ ಅಪರಾಧ. ರಿಪೇರಿಗೆ ಅನಿವಾರ್ಯವಾದಾಗ, ರಾಜ್ಯದ ನಿಯಮ ಪಾಲಿಸಿ ಮಾಡುವುದಕ್ಕೆ ಮಾತ್ರ ವಿನಾಯಿತಿ ಇದೆ. ಬೇರೆ ದೇಶಗಳಲ್ಲೂ ಇದನ್ನು ಹಗುರವಾಗಿ ಬಿಡುವುದಿಲ್ಲ. ಹೊಸ ಗುರುತಿನ ನಂಬರ್, ‘ಜೋಡಿಸಿದ ವಾಹನ’ ಅನ್ನುವ ನೋಂದಣಿ ಸಿಗುವುದಾದರೆ ಅದನ್ನೇ ತೆಗೆದುಕೊಳ್ಳಿ. ಅದರಲ್ಲಿ ಸಣ್ಣತನ ಏನೂ ಇಲ್ಲ.

3. ಭಾಗಗಳನ್ನು ಓದುವುದು

ಇದು ನನಗೆ ಬಹಳ ಪ್ರೀತಿಯ ಕೆಲಸ. ಹಳೇ ಟ್ರಕ್ಕಿನ ಪ್ರತಿಯೊಂದು ದೊಡ್ಡ ಭಾಗವೂ ತನ್ನ ವಯಸ್ಸನ್ನು ಎಲ್ಲೋ ಒಂದು ಕಡೆ ಬರೆದುಕೊಂಡಿರುತ್ತದೆ.

ಶೆವ್ರೊಲೆಯ ಎರಕದ ಭಾಗಗಳಲ್ಲಿ ಒಂದು ಅಕ್ಷರ ಮತ್ತು ಕೆಲವು ಅಂಕಿ ಉಬ್ಬಿಕೊಂಡಿರುತ್ತವೆ. ‘ಡಿ 14 8’ ಅಂತ ಇದ್ದರೆ ಡಿ ಅಂದರೆ ನಾಲ್ಕನೇ ತಿಂಗಳು ಏಪ್ರಿಲ್, 14 ತಾರೀಖು, 8 ಅಂದರೆ 8ರಿಂದ ಮುಗಿಯುವ ವರ್ಷ. ಎ ಇಂದ ಎಲ್ ವರೆಗೆ ಹನ್ನೆರಡು ತಿಂಗಳು. ಅದು 1958ರೋ, 1968ರೋ, 1978ರೋ ಅಂತ ತಾರೀಖು ಒಂದೇ ಹೇಳುವುದಿಲ್ಲ. ಅದಕ್ಕೆ ಪಕ್ಕದ ಎರಕದ ನಂಬರ್ ಸೇರಿಸಿ ಓದಬೇಕು. ಶೆವ್ರೊಲೆಯ ಸ್ಮಾಲ್ ಬ್ಲಾಕ್, ಅಂದರೆ ಚಿಕ್ಕ ಗಾತ್ರದ, ವಿ8ನಲ್ಲಿ ಆ ನಂಬರ್ ಬ್ಲಾಕಿನ ಹಿಂತುದಿಯಲ್ಲಿ, ಗೇರ್‌ಬಾಕ್ಸ್ ಕೂರುವ ಅಂಚಿನ ಮೇಲೆ ಇರುತ್ತದೆ. ಎಂಜಿನ್ ಗಾಡಿಯಲ್ಲೇ ಇದ್ದರೆ ಕೈಗನ್ನಡಿ ಬೇಕಾಗುತ್ತದೆ.

ಫೋರ್ಡಿನದು ಇನ್ನೂ ಸಲೀಸು. ಭಾಗದ ಮೇಲೆ ‘ಸಿ8ಟಿಇ’ ಅಂತ ಶುರುವಾಗುವ ನಂಬರ್ ಇದೆ ಅನ್ನಿ. ಸಿ ಅಂದರೆ 1960ರ ದಶಕ, 8 ಅಂದರೆ ಆ ದಶಕದಲ್ಲಿ 8ರಿಂದ ಮುಗಿಯುವ ವರ್ಷ 1968, ಟಿ ಅಂದರೆ ಟ್ರಕ್, ಇ ಅಂದರೆ ಎಂಜಿನ್ ವಿಭಾಗ. ಮೊದಲ ಅಕ್ಷರ ಡಿ ಆದರೆ 1970ರ ದಶಕ. ಇದು ಆ ಭಾಗದ ವಿನ್ಯಾಸ ಆದ ವರ್ಷ, ತಯಾರಾದ ದಿನವಲ್ಲ. 1968ರ ವಿನ್ಯಾಸದ ಭಾಗ 1971ರ ಗಾಡಿಯಲ್ಲಿ ಇರುವುದು ಸಹಜ. 1968ರ ಗಾಡಿಯಲ್ಲಿ ‘ಡಿ1’ ಭಾಗ ಇದ್ದರೆ ಅದು ಆಮೇಲೆ ಬಂದದ್ದು, ಅನುಮಾನವೇ ಬೇಡ.

ನಿಯಮ ಇಷ್ಟೇ: ಗಾಡಿ ಹುಟ್ಟಿದ ದಿನಕ್ಕಿಂತ ಭಾಗ ಹಳೆಯದಿರಬೇಕು, ಆದರೆ ತೀರಾ ಹಳೆಯದಿರಬಾರದು. ಕೆಲವು ವಾರ, ಕೆಲವು ತಿಂಗಳು ಸರಿ. ಗಾಡಿಗಿಂತ ಆಮೇಲೆ ಎರಕ ಹೊಯ್ದ ಬ್ಲಾಕ್ ಅದರ ಮೂಲ ಎಂಜಿನ್ ಆಗಲು ಸಾಧ್ಯವೇ ಇಲ್ಲ.

ಮೈ ಭಾಗಗಳಲ್ಲಿ ನಂಬರ್ ಕಡಿಮೆ, ಆದರೆ ಆಕಾರವೇ ಸಾಕ್ಷಿ. 1947ರಿಂದ 1955ರ ಆರಂಭದವರೆಗಿನ ಶೆವ್ರೊಲೆ ಟ್ರಕ್ಕುಗಳು ದೂರದಿಂದ ಎಲ್ಲವೂ ಒಂದೇ ಥರ ಕಾಣುತ್ತವೆ, ಭಾಗಗಳೂ ಒಂದಕ್ಕೊಂದು ಬಹಳಷ್ಟು ಕೂರುತ್ತವೆ, ಹಾಗಾಗಿಯೇ ಬೆರಕೆ ಜಾಸ್ತಿ. ಬಾಗಿಲಿನ ಹತ್ತಿರ ಹೋಗಿ ನಿಲ್ಲಿ. ಕಿಟಕಿಯ ಮುಂಭಾಗದಲ್ಲಿ ಗಾಳಿಗೆ ತಿರುಗಿಸುವ ಚಿಕ್ಕ ತ್ರಿಕೋನದ ಗಾಜು ಇದೆಯಾ? ಅದು ಬಂದದ್ದು 1951ರಲ್ಲಿ. ಹೊರಗಿನ ಹಿಡಿ ಒತ್ತುವ ಗುಂಡಿಯದ್ದಾ, ತಿರುಗಿಸುವುದಾ? ಗುಂಡಿ ಬಂದದ್ದು 1952ರಲ್ಲಿ. ಮುಂದಿನ ಗಾಜು ನಡುವೆ ಪಟ್ಟಿ ಇರುವ ಎರಡು ತುಂಡಾ, ಒಂದೇ ತುಂಡಾ? ಒಂದೇ ತುಂಡಾದರೆ 1954 ಅಥವಾ ಅದರ ನಂತರದ ಕ್ಯಾಬ್. ಈಗ ಯಾರಾದರೂ ತ್ರಿಕೋನ ಗಾಜಿನ, ಗುಂಡಿ ಹಿಡಿಯ ಬಾಗಿಲಿರುವ ಗಾಡಿ ತೋರಿಸಿ ‘1949, ಮುಟ್ಟಿಲ್ಲ’ ಅಂದರೆ ಅದು ಸುಳ್ಳು ಅಂತ ಆ ಬಾಗಿಲುಗಳೇ ಹೇಳುತ್ತವೆ. ಫೋರ್ಡ್ ಎಫ್-100ನಲ್ಲೂ ಹಾಗೇ: ಬದಿಗೆ ಬಾಗಿದ ದೊಡ್ಡ ಮುಂದಿನ ಗಾಜು 1956ರಲ್ಲಿ ಬಂತು, ಅದರ ಕ್ಯಾಬ್ ಆ ಒಂದು ವರ್ಷದ್ದು.

ಕಾಗದದ ಸಾಕ್ಷಿಯೂ ಉಂಟು. 1967ರಿಂದ 1972ರ ಶೆವ್ರೊಲೆ ಮತ್ತು ಜಿಎಂಸಿ ಪಿಕಪ್‌ಗಳಲ್ಲಿ ಗ್ಲೋವ್ ಬಾಕ್ಸಿನ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿರುತ್ತಿದ್ದರು, ಗಾಡಿಯ ಜೊತೆ ಬಂದ ಹೆಚ್ಚುವರಿ ಸೌಕರ್ಯಗಳ ಪಟ್ಟಿ ಅದರಲ್ಲಿದೆ. ಅದರ ಮೇಲಿನ ನಂಬರ್ ನಿಮ್ಮ ಗಾಡಿಯದ್ದೇ ಅಂತ ನೋಡಿ, ಗ್ಲೋವ್ ಬಾಕ್ಸ್ ಬಾಗಿಲು ಬದಲಾಯಿಸುವುದು ಎರಡು ನಿಮಿಷದ ಕೆಲಸ. 1967ರ ನಂತರದ ಫೋರ್ಡ್ ಆದರೆ ಮಾರ್ಟಿ ರಿಪೋರ್ಟ್ ತರಿಸಬಹುದು. ಅದು ಫೋರ್ಡಿನದೇ ತಯಾರಿಕಾ ದಾಖಲೆಯಿಂದ ತೆಗೆದದ್ದು.

ಇನ್ನು ‘ಮ್ಯಾಚಿಂಗ್ ನಂಬರ್ಸ್’, ಅಂದರೆ ಎಂಜಿನ್ ನಂಬರ್ ಗಾಡಿಯ ನಂಬರಿಗೆ ಹೊಂದುತ್ತದೆ ಅನ್ನುವುದು. ಕಾರಿನವರಿಂದ ಬಂದ ಈ ಮಾತನ್ನು ಟ್ರಕ್ಕಿನವರು ಧಾರಾಳವಾಗಿ ಬಳಸುತ್ತಾರೆ. ಎಂಜಿನ್ ಮೇಲೆ ಗಾಡಿಯ ನಂಬರೇ ಹೊಡೆದಿಲ್ಲದಿದ್ದರೆ ಯಾವುದು ಯಾವುದಕ್ಕೆ ಮ್ಯಾಚ್ ಆಯಿತು? ಹಳೇ ಟ್ರಕ್ಕುಗಳಲ್ಲಿ ಎಷ್ಟೋ ಸಲ ಇರುವುದು ಎರಕದ ತಾರೀಖು ಮತ್ತು ಎಂಜಿನ್ ಜೋಡಿಸಿದಾಗ ಹೊಡೆದ ಜೋಡಣೆಯ ಕೋಡ್ ಮಾತ್ರ. ಆಗ ಪ್ರಾಮಾಣಿಕವಾಗಿ ಹೇಳಬಹುದಾದದ್ದು ‘ತಾರೀಖು ಹೊಂದುವ ಎಂಜಿನ್’ ಅಂತ, ಅದಕ್ಕಿಂತ ಒಂದಕ್ಷರ ಜಾಸ್ತಿ ಇಲ್ಲ.

ಜೋಡಣೆಯ ಕೋಡ್ ಇರುವುದು ಸ್ಮಾಲ್ ಬ್ಲಾಕಿನ ಬಲಗಡೆಯ ಸಿಲಿಂಡರ್ ಹೆಡ್ಡಿನ ಮುಂದೆ, ಒಂದು ಚಪ್ಪಟೆ ಜಾಗದಲ್ಲಿ. ಬ್ಲಾಕಿನ ಮೇಲ್ಮೈಯನ್ನು ಮೆಷಿನ್ ಶಾಪಿನಲ್ಲಿ ಸಮ ಮಾಡಿಸಿದರೆ ಆ ಕೋಡೂ ಸವೆದು ಹೋಗುತ್ತದೆ. ಹಾಗಾಗಿ ಬ್ಲಾಕ್ ಕೊಡುವ ಮೊದಲು ಅದರ ಸ್ಪಷ್ಟ ಫೋಟೋ ತೆಗೆಯಿರಿ, ಪೆನ್ಸಿಲ್ ಉಜ್ಜಿ ಕಾಗದದ ಮೇಲೆ ಅಚ್ಚು ತೆಗೆದಿಡಿ, ಆ ಜಾಗ ಉಳಿಸಲು ಸಾಧ್ಯವಾ ಅಂತ ಮೆಷಿನ್ ಶಾಪಿನವರನ್ನು ಕೇಳಿ. ಸವೆದು ಹೋದರೆ ಹೋಯಿತು. ಹೊಸ ಅಚ್ಚು ತಂದು ಮತ್ತೆ ಹೊಡೆಯಬೇಡಿ. ಬರಿದಾದ ಜಾಗ ಮತ್ತು ಹಳೇ ಫೋಟೋ ಎರಡೂ ಸೇರಿ ನಿಜ ಹೇಳುತ್ತವೆ. ಮರು ಹೊಡೆದ ನಂಬರ್ ಸರಿಯಾದದ್ದೇ ಆಗಿದ್ದರೂ ಯಾರೂ ಅದನ್ನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

4. ದಾಖಲೆ ಪುಸ್ತಕ

ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ಸಾಕು. ಫೋನಿನಲ್ಲಿ ಇಟ್ಟರೂ ನಡೆಯುತ್ತದೆ, ಆದರೆ ಫೋನ್ ಗಾಡಿಯ ಜೊತೆ ಹೋಗುವುದಿಲ್ಲ ಅಲ್ವಾ? ಪ್ರತಿ ಭಾಗಕ್ಕೂ ಒಂದು ನಮೂದು: ಭಾಗ ಯಾವುದು, ಯಾವ ವರ್ಷದ ಯಾವ ಗಾಡಿಯದು, ಅದು ಹೇಗೆ ಗೊತ್ತಾಯಿತು, ಯಾರಿಂದ ಯಾವಾಗ ಬಂತು, ಅದಕ್ಕೆ ಏನು ಮಾಡಿದಿರಿ. ‘ಹೇಗೆ ಗೊತ್ತಾಯಿತು’ ಅನ್ನುವುದನ್ನು ಬಿಡಬೇಡಿ. ನಂಬರ್ ಓದಿ ಗೊತ್ತಾದದ್ದಕ್ಕೂ ಮಾರಿದವರು ಹೇಳಿದ್ದಕ್ಕೂ ಬಹಳ ವ್ಯತ್ಯಾಸ ಇದೆ.

ಒಂದೆರಡು ನಮೂದು ಹೀಗಿರಬಹುದು:

ಬಲ ಬಾಗಿಲು: ಶೆವ್ರೊಲೆ, 1952 ಅಥವಾ ನಂತರದ್ದು. ಗುಂಡಿ ಹಿಡಿ ನೋಡಿ ತಿಳಿದದ್ದು. ಕೆಳಗಿನ ನಾಲ್ಕು ಇಂಚು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿದೆ. ಒಳಗೆ ಹಳೇ ಹಸಿರು ಬಣ್ಣ ಉಳಿದಿದೆ, ಈ ಗಾಡಿಯ ಬಣ್ಣ ಅಲ್ಲ.

ಎಂಜಿನ್: 235 ಘನ ಇಂಚಿನದು, ಆರು ಸಿಲಿಂಡರ್. ಎರಕದ ನಂಬರ್ ಮತ್ತು ತಾರೀಖಿನ ಫೋಟೋ ಇದೆ. ಗಾಡಿಯ ಜೊತೆ ಬಂದದ್ದು 216, ಅದು ಗೋಣಿಯಲ್ಲಿ ಸುತ್ತಿ ಇಟ್ಟಿದೆ, ಕೊಳ್ಳುವವರಿಗೆ ಕೊಡುವುದು.

ಹಿಂದಿನ ಬೆಡ್: ರೀಪ್ರೊಡಕ್ಷನ್ (ಹಳೆಯದರ ಹಾಗೆ ಈಗ ತಯಾರಿಸಿದ್ದು), ಹೊಸದು. ಟೇಲ್‌ಗೇಟ್ ಮಾತ್ರ ಹಳೆಯದು, ಯಾವ ವರ್ಷದ್ದು ಅಂತ ಗೊತ್ತಿಲ್ಲ.

‘ಗೊತ್ತಿಲ್ಲ’ ಅಂತ ಬರೆಯಲು ಹಿಂಜರಿಯಬೇಡಿ. ಪುಸ್ತಕದಲ್ಲಿ ಅಂಥ ನಾಲ್ಕು ಸಾಲು ಇದ್ದರೆ ಉಳಿದ ಸಾಲುಗಳ ಮೇಲೆ ನಂಬಿಕೆ ಹೆಚ್ಚುತ್ತದೆ.

ಭಾಗದ ಮೇಲೂ ಒಂದು ಗುರುತು ಇರಲಿ. ಹೊರಗೆ ಕಾಣದ ಜಾಗದಲ್ಲಿ, ಬಾಗಿಲ ಒಳಮೈಯಲ್ಲೋ ಫೆಂಡರಿನ ಒಳಗೋ, ವರ್ಷವನ್ನು ಚಿಕ್ಕದಾಗಿ ಅಚ್ಚೊತ್ತಿ ಅಥವಾ ಪೇಂಟ್ ಪೆನ್ನಿನಿಂದ ಬರೆಯಿರಿ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಒಪ್ಪಿಕೊಂಡ ಟ್ಯೂರಿನ್ ಚಾರ್ಟರ್ ಕೂಡ ಮಾಡಿದ ಕೆಲಸ ದಾಖಲಾಗಿರಬೇಕು ಅನ್ನುತ್ತದೆ. ಸ್ಮಾರಕದ ಹಾಗೆ ಕಾಪಾಡುವ ಗಾಡಿಗಳಿಗಾಗಿ ಮಾಡಿದ್ದು ಅದು, ಆದರೆ ಬೆರಕೆ ಗಾಡಿಗೇ ಇದರ ಅಗತ್ಯ ಜಾಸ್ತಿ.

5. ಭಾಗ ಕೊಳ್ಳುವಾಗ

ಕಳಚಲು ಇಟ್ಟ ಗಾಡಿಯಿಂದ ಕೊಳ್ಳುವುದಾದರೆ ಕಳಚುವ ಮೊದಲೇ ಹೋಗಿ. ಇಡೀ ಗಾಡಿಯ ಫೋಟೋ, ಅದರ ಪ್ಲೇಟಿನ ಫೋಟೋ, ಭಾಗ ಅದರ ಮೇಲೆ ಇರುವಾಗಿನ ಫೋಟೋ ತೆಗೆದುಕೊಳ್ಳಿ. ಆಮೇಲೆ ಇದು ಸಿಗುವುದಿಲ್ಲ. ರಸೀದಿಯಲ್ಲಿ ಭಾಗದ ಹೆಸರು ಮತ್ತು ಆ ಗಾಡಿಯ ನಂಬರ್ ಬರೆಸಿ. ಕ್ಯಾಬ್, ಚಾಸಿಸ್, ಎಂಜಿನ್ ಈ ಮೂರಕ್ಕೆ ರಸೀದಿ ಇಲ್ಲದೆ ಹಣ ಕೊಡಬೇಡಿ. ಕದ್ದ ಮಾಲು ಅಂತ ಆಮೇಲೆ ಗೊತ್ತಾದರೆ ಗಾಡಿಯೇ ಕೈತಪ್ಪಬಹುದು.

ನಂಬರ್ ಕೆರೆದಿರುವ ಚಾಸಿಸ್ ಎಷ್ಟೇ ಗಟ್ಟಿಯಾಗಿದ್ದರೂ ಬೇಡ.

ಒಂದು ಮಾತು, ಇದನ್ನು ಯಾರೂ ಹೆಚ್ಚು ಹೇಳುವುದಿಲ್ಲ: ಉಳಿಸಬಹುದಾದ ಪೂರ್ತಿ ಗಾಡಿಯೊಂದನ್ನು ಭಾಗಕ್ಕಾಗಿ ಬಿಚ್ಚಬೇಡಿ. ನಿಮ್ಮದಕ್ಕಿಂತ ಅದೇ ಹೆಚ್ಚು ಪೂರ್ತಿಯಾಗಿದ್ದರೆ, ನಿಮ್ಮ ಒಳ್ಳೆಯ ಭಾಗಗಳನ್ನು ಅದಕ್ಕೆ ಕೊಟ್ಟು ಅದನ್ನೇ ಎಬ್ಬಿಸಿ. ಕಷ್ಟದ ತೀರ್ಮಾನ, ನಿಜ. ಆದರೆ ಒಂದು ನಿಜವಾದ ಒರಿಜಿನಲ್ ಗಾಡಿ ಉಳಿಯುತ್ತದೆ.

6. ಕೂರುತ್ತದೆ ಅಂದಮಾತ್ರಕ್ಕೆ ಹೊಂದುವುದಿಲ್ಲ

ಬೆರಕೆ ಗಾಡಿಯ ದೊಡ್ಡ ಅಪಾಯ ಇಲ್ಲಿದೆ. ಬೋಲ್ಟ್ ತೂತು ಸರಿಹೊಂದಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ.

ಮೊದಲು ಎಂಜಿನ್ ಎಣ್ಣೆಯ ಒತ್ತಡ ತೋರಿಸುವ ಮೀಟರಿನ ಉದಾಹರಣೆ. ಶೆವ್ರೊಲೆಯ 216 ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡ್ ಬೇರಿಂಗುಗಳಿಗೆ ಎಣ್ಣೆ ಹೋಗುವುದು ಪೂರ್ತಿ ಒತ್ತಡದಲ್ಲಲ್ಲ, ಚಿಮ್ಮಿಸುವ ಪದ್ಧತಿಯಲ್ಲಿ. ಅದರ ಡ್ಯಾಶಿನ ಮೀಟರ್ 30 ಪಿಎಸ್‌ಐವರೆಗೆ ಮಾತ್ರ. 1954ರಿಂದ ಟ್ರಕ್ಕುಗಳಿಗೆ ಬಂದ 235ರಲ್ಲಿ ಪೂರ್ತಿ ಒತ್ತಡದ ಎಣ್ಣೆ ವ್ಯವಸ್ಥೆ ಇದೆ, ಮೀಟರೂ 60ರದ್ದು. ಹಳೇ ಡ್ಯಾಶ್ ಇಟ್ಟುಕೊಂಡು 235 ಹಾಕಿದರೆ ಮುಳ್ಳು ಹೋಗಿ ಕೊನೆಗೆ ಅಂಟಿಕೊಳ್ಳುತ್ತದೆ, ನಿಜವಾದ ಒತ್ತಡ ಎಷ್ಟು ಅಂತ ತಿಳಿಯುವುದೇ ಇಲ್ಲ. 60ರ ಮೀಟರ್ ಹಾಕಿ, ಪುಸ್ತಕದಲ್ಲಿ ಬರೆಯಿರಿ.

ವೈರಿಂಗಿನಲ್ಲಿ ಇನ್ನೂ ಹುಷಾರಾಗಿರಬೇಕು. ಶೆವ್ರೊಲೆ ಟ್ರಕ್ಕುಗಳು 1955ರ ಹೊಸ ಮಾದರಿಯಿಂದ, ಫೋರ್ಡ್ 1956ರಿಂದ 12 ವೋಲ್ಟಿಗೆ ಬದಲಾದವು. ಅದಕ್ಕೆ ಮೊದಲು 6 ವೋಲ್ಟ್. ಹಳೇ ಫೋರ್ಡಿನಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಚಾಸಿಸ್ಸಿಗೆ ಸೇರಿರುತ್ತಿತ್ತು, ಶೆವ್ರೊಲೆಯಲ್ಲಿ ನೆಗೆಟಿವ್. ಹೀಗಿರುವಾಗ ಬ್ಯಾಟರಿ, ಬಲ್ಬು, ಮೀಟರು, ಹೀಟರ್ ಮೋಟರು ಬೇರೆ ಬೇರೆ ಗಾಡಿಯಿಂದ ಬಂದರೆ ಏನಾಗುತ್ತದೆ ಹೇಳಿ. 12 ವೋಲ್ಟಿಗೆ ಬದಲಾಯಿಸಿದ್ದರೆ ಬಾನೆಟ್ ಎತ್ತಿದ ತಕ್ಷಣ ಕಾಣುವಂತೆ ಒಂದು ಚೀಟಿ ಅಂಟಿಸಿ: ಎಷ್ಟು ವೋಲ್ಟ್, ಯಾವ ತುದಿ ಚಾಸಿಸ್ಸಿಗೆ. ಮುಂದೊಂದು ದಿನ ಮಳೆಯಲ್ಲಿ ನಿಂತು ಜಂಪ್ ಸ್ಟಾರ್ಟ್ ಮಾಡುವವರಿಗೆ ಬೇಕಾದದ್ದು ಅದೇ.

ಇನ್ನು ಬ್ರೇಕ್. 1971ರಲ್ಲಿ ಶೆವ್ರೊಲೆಯ ಅರ್ಧ ಟನ್ ಪಿಕಪ್‌ಗಳಿಗೆ ಮುಂದೆ ಡಿಸ್ಕ್ ಬ್ರೇಕ್ ಬಂತು, ಜೊತೆಗೆ ಎರಡು ಚಕ್ರದ ಎಳೆತದ ಗಾಡಿಗಳಲ್ಲಿ ಚಕ್ರದ ಬೋಲ್ಟ್ ಆರರಿಂದ ಐದಾಯಿತು. 1968ರ ಗಾಡಿಗೆ 1971ರ ಮುಂಭಾಗದ ಸಸ್ಪೆನ್ಷನ್ ಚೆನ್ನಾಗಿ ಕೂರುತ್ತದೆ, ಬಹಳ ಜನ ಮಾಡುವ ಬದಲಾವಣೆ ಇದು, ಒಳ್ಳೆಯದೂ ಹೌದು. ಆದರೆ ಹಿಂದಿನ ಆಕ್ಸಲ್ ಹಳೆಯದೇ ಉಳಿದರೆ ಮುಂದೆ ಐದು ಬೋಲ್ಟ್, ಹಿಂದೆ ಆರು. ಒಂದು ಸ್ಟೆಪ್ನಿ ಎರಡಕ್ಕೂ ಆಗುವುದಿಲ್ಲ. ಇದನ್ನು ಕೊಳ್ಳುವವರಿಗೆ ಹೇಳದೆ ಬಿಟ್ಟರೆ ಅವರಿಗೆ ಗೊತ್ತಾಗುವುದು ರಸ್ತೆ ಬದಿಯಲ್ಲಿ ಪಂಕ್ಚರ್ ಆದಾಗ.

ಇನ್ನೂ ಹಳೆಯ ಟ್ರಕ್ಕುಗಳಲ್ಲಿ ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಕ್ಯಾಬಿನ ನೆಲದ ಅಡಿಯಲ್ಲಿ ಇರುತ್ತದೆ. ಅಲ್ಲಿ ಡಿಸ್ಕ್ ಹಾಕಿದರೆ ಬ್ರೇಕ್ ಎಣ್ಣೆ ಕ್ಯಾಲಿಪರಿನಿಂದ (ಡಿಸ್ಕನ್ನು ಹಿಡಿಯುವ ಭಾಗದಿಂದ) ಹಿಂದಕ್ಕೆ ಹರಿಯದಂತೆ ಸುಮಾರು 2 ಪಿಎಸ್‌ಐ ಹಿಡಿದಿಡುವ ವಾಲ್ವ್ ಬೇಕು. ಡ್ರಮ್ಮಿಗೆ ಬೇಕಾದದ್ದು ಸುಮಾರು 10. ಡ್ರಮ್ಮಿನ ವಾಲ್ವ್ ಡಿಸ್ಕಿಗೆ ಉಳಿದುಬಿಟ್ಟರೆ ಪ್ಯಾಡ್ ಸದಾ ಉಜ್ಜುತ್ತಾ ಬಿಸಿಯಾಗುತ್ತದೆ. ಒಂದೇ ಸರ್ಕ್ಯೂಟಿನ ಹಳೇ ಮಾಸ್ಟರ್ ಸಿಲಿಂಡರ್ ಬದಲು ಎರಡು ಸರ್ಕ್ಯೂಟಿನದನ್ನು ಹಾಕಲು ಒರಿಜಿನಲ್ ತನದ ಹೆಸರಲ್ಲಿ ಹಿಂಜರಿಯಬೇಡಿ. ಒಂದು ಪೈಪ್ ಸೋರಿದರೆ ಇಡೀ ಬ್ರೇಕ್ ಹೋಗುವ ಗಾಡಿಯನ್ನು ಇಂದಿನ ರಸ್ತೆಯಲ್ಲಿ ಓಡಿಸುವುದಕ್ಕಿಂತ, ‘ಬ್ರೇಕ್ ಬದಲಾಯಿಸಿದೆ’ ಅಂತ ಒಂದು ಸಾಲು ಬರೆಯುವುದು ಎಷ್ಟೋ ಮೇಲು. ಹಳೆಯದನ್ನು ಬಿಸಾಡದೆ ಡಬ್ಬದಲ್ಲಿ ಇಡಿ. ಹಳೇ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಅದರ ಪುಡಿಯನ್ನು ಗಾಳಿ ಹೊಡೆದು ತೆಗೆಯಬೇಡಿ.

ಚಾಸಿಸ್ ಕತ್ತರಿಸಿ ಜೋಡಿಸಿದ್ದರೆ ಅದನ್ನು ಮಾಡಬೇಕಾದವರು ಅಂಥ ವೆಲ್ಡಿಂಗ್ ಬಲ್ಲವರು. ಜೋಡಣೆಯ ಜಾಗದ ಫೋಟೋ ಬಣ್ಣ ಬಳಿಯುವ ಮೊದಲೇ ಪುಸ್ತಕಕ್ಕೆ ಸೇರಬೇಕು. ಈ ಒಂದು ವಿಷಯ ಮುಚ್ಚಿಟ್ಟರೆ ಅದು ಬರೀ ಸುಳ್ಳಾಗಿ ಉಳಿಯುವುದಿಲ್ಲ, ಯಾರದೋ ಪ್ರಾಣಕ್ಕೆ ಬರುತ್ತದೆ.

7. ಬಣ್ಣ, ಸವಕಲು, ಬ್ಯಾಡ್ಜು

ಬಣ್ಣ ಕೆರೆಯುವ ಮೊದಲು ಮೂಲ ಬಣ್ಣ ಹುಡುಕಿ. ಡ್ಯಾಶಿನ ಅಡಿ, ಗ್ಲೋವ್ ಬಾಕ್ಸ್ ಬಾಗಿಲ ಹಿಂದೆ, ಹೀಟರ್ ಪೆಟ್ಟಿಗೆ ಮುಚ್ಚಿದ್ದ ಜಾಗ, ನೆಲಹಾಸಿನ ಕೆಳಗೆ. ಕಾಣದ ಒಂದು ಕಡೆ ಅಂಗೈಯಷ್ಟು ಮೂಲ ಬಣ್ಣವನ್ನು ಹಾಗೇ ಉಳಿಸಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದನ್ನು ಉಜ್ಜಬೇಡಿ, ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಹಾಕಿ.

ಸವೆದು ಮಾಸಿದ ಬಣ್ಣಕ್ಕೆ ಈಗ ಬೆಲೆ ಬಂದಿದೆ. ಹಾಗಾಗಿ ಹೊಸ ಬಾಗಿಲಿಗೆ ಹಳೇ ಬಣ್ಣದ ವೇಷ ಹಾಕುವವರೂ ಬಂದಿದ್ದಾರೆ. ಬೇರೆ ಗಾಡಿಯ ಬಾಗಿಲು ಉಳಿದ ಮೈಗೆ ಹೊಂದಲಿ ಅಂತ ಮಾಡಿದರೆ ನನಗೆ ಅಡ್ಡಿಯಿಲ್ಲ, ಅದೊಂದು ಕೈಚಳಕವೇ. ಆದರೆ ಎಂದೂ ಇರದಿದ್ದ ಅಂಗಡಿಯ ಹೆಸರನ್ನು ಬಾಗಿಲ ಮೇಲೆ ಬರೆದು, ಉಜ್ಜಿ ಮಾಸಿಸಿ, ‘ಈ ಗಾಡಿ ಅಲ್ಲಿ ದುಡಿದಿತ್ತು’ ಅಂತ ಕತೆ ಹೇಳುವುದು ಇಲ್ಲದ ಚರಿತ್ರೆಯನ್ನು ಹುಟ್ಟಿಸಿದ ಹಾಗೆ. ಬೇಡ.

ಬ್ಯಾಡ್ಜಿನದೂ ಅದೇ. ಶೆವ್ರೊಲೆಯ ಶಯಾನ್ ಅನ್ನುವ ಮೇಲಿನ ದರ್ಜೆ ಬಂದದ್ದು 1971ರಲ್ಲಿ. 1969ರ ಗಾಡಿಗೆ ಆ ಬ್ಯಾಡ್ಜ್ ಹಾಕಿದರೆ ಗೊತ್ತಿರುವವರಿಗೆ ಕೂಡಲೇ ಕಾಣುತ್ತದೆ, ಗೊತ್ತಿಲ್ಲದವರಿಗೆ ತಪ್ಪು ಕಲಿಸಿದಂತಾಗುತ್ತದೆ. ಸಾದಾ ದರ್ಜೆಯ ಗಾಡಿ ಸಾದಾ ಆಗಿಯೇ ಚೆಂದ.

ಮೈಲಿ ತೋರಿಸುವ ಮೀಟರ್ ಬದಲಾಯಿಸಿದರೆ ಆ ದಿನ ಹಳೆಯದರಲ್ಲಿ ಎಷ್ಟಿತ್ತು, ಹೊಸದರಲ್ಲಿ ಎಷ್ಟಿತ್ತು ಅಂತ ಬರೆಯಿರಿ. ಹಳೇ ಓಡೋಮೀಟರುಗಳಲ್ಲಿ ಐದೇ ಅಂಕಿ, 99,999 ದಾಟಿದರೆ ಮತ್ತೆ ಸೊನ್ನೆ. ‘ಬರೀ 43 ಸಾವಿರ ಮೈಲಿ’ ಅಂತ ಹೇಳಲು ಮೀಟರ್ ಒಂದೇ ಆಧಾರವಾದರೆ ಹೇಳಬೇಡಿ.

8. ತೋರಿಸುವಾಗ, ಮಾರುವಾಗ

ಜಾಹೀರಾತಿನ ಮೊದಲ ವಾಕ್ಯದಲ್ಲೇ ಬೆರಕೆ ಅಂತ ಬರಲಿ, ಕೊನೆಯ ಸಾಲಿನಲ್ಲಿ ಅಡಗಿಸಬೇಡಿ. ಹೀಗೆ ಬರೆಯಬಹುದು: ‘1951ರ ಚಾಸಿಸ್ ಮತ್ತು ಕಾಗದಪತ್ರ, ನಂಬರ್ ಹೊಂದುತ್ತದೆ. ಕ್ಯಾಬ್ 1953ರದ್ದು ಅಂತ ಮಾರಿದವರ ಮಾತು, ಎರಡು ತುಂಡಿನ ಗಾಜು ಮತ್ತು ಗುಂಡಿ ಹಿಡಿ ಅದಕ್ಕೆ ಹೊಂದುತ್ತವೆ. ಎಂಜಿನ್ 235, ಮೂಲ 216 ಜೊತೆಗೆ ಕೊಡಲಾಗುವುದು. ಬೆಡ್ ಹೊಸ ರೀಪ್ರೊಡಕ್ಷನ್. 12 ವೋಲ್ಟಿಗೆ ಬದಲಾಗಿದೆ. ಬ್ರೇಕ್ ಎರಡು ಸರ್ಕ್ಯೂಟ್. ಪೂರ್ತಿ ದಾಖಲೆ ಪುಸ್ತಕ ಮತ್ತು ಫೋಟೋ ಇವೆ.’ ಇದನ್ನು ಓದಿ ಒರಿಜಿನಲ್ ಬೇಕೆನ್ನುವವರು ಮುಂದೆ ಹೋಗುತ್ತಾರೆ. ಓಡಿಸಲು ಒಳ್ಳೆಯ ಗಾಡಿ ಬೇಕೆನ್ನುವವರು ಫೋನ್ ಮಾಡುತ್ತಾರೆ. ಬೆಲೆ ಸ್ವಲ್ಪ ಕಡಿಮೆ ಬರಬಹುದು. ಆದರೆ ಮಾರಿದ ಮೇಲೆ ಜಗಳಕ್ಕೆ ಯಾರೂ ಬರುವುದಿಲ್ಲ.

ಪ್ರದರ್ಶನಕ್ಕೆ ಒಯ್ದರೆ ಸರಿಯಾದ ವಿಭಾಗದಲ್ಲೇ ಹೆಸರು ಕೊಡಿ. ತೀರ್ಪುಗಾರರು ಕೇಳುವವರೆಗೆ ಕಾಯದೆ ಪುಸ್ತಕವನ್ನು ಸೀಟಿನ ಮೇಲೆ ತೆರೆದಿಡಿ. ಜನ ನಿಂತು ಓದುತ್ತಾರೆ, ಮಾತಿಗಿಳಿಯುತ್ತಾರೆ, ಟೇಲ್‌ಗೇಟ್ ಯಾವ ವರ್ಷದ್ದು ಅಂತ ನಿಮಗೆ ಗೊತ್ತಿಲ್ಲದಿದ್ದನ್ನು ಅವರಲ್ಲೇ ಯಾರೋ ಹೇಳಿಬಿಡಬಹುದು.

ಹಾಗೆ ಹೊಸದೇನಾದರೂ ತಿಳಿದರೆ, ಅಥವಾ ಮೊದಲು ಬರೆದದ್ದು ತಪ್ಪು ಅಂತ ಗೊತ್ತಾದರೆ, ಹಳೇ ಸಾಲನ್ನು ಅಳಿಸಬೇಡಿ, ಹಾಳೆ ಹರಿಯಬೇಡಿ. ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನೂ ತಾರೀಖನ್ನೂ ಹೇಗೆ ತಿಳಿಯಿತು ಅನ್ನುವುದನ್ನೂ ಬರೆಯಿರಿ. ಗಾಡಿ ಈಗಾಗಲೇ ಬೇರೆಯವರ ಕೈಗೆ ಹೋಗಿದ್ದರೆ ಅವರಿಗೊಂದು ಫೋನ್ ಮಾಡಿ ಹೇಳಿ, ಅವರ ಪುಸ್ತಕದಲ್ಲೂ ಸೇರಿಸಲಿ.